ಅಂಟಾರ್ಕ್ಟಿಕಾದ ಪುಟ್ಟ ಹಡಗು ಹತ್ತುವ ಮುಂಚೆ

ಹರಿಯಬ್ಬೆಯ ಸ್ನೇಹಿತರೊಬ್ಬರು ಬರುವ ಡಿಸೆಂಬರಿಗೆ ಹೆಂಡತಿಯನ್ನೂ ಕರೆದುಕೊಂಡು ಅಂಟಾರ್ಕ್ಟಿಕಾಗೆ ಹೊರಟಿದ್ದಾರೆ. ಫೋನ್ ಮಾಡಿದಾಗಲೆಲ್ಲ ಅವರದು ಒಂದೇ ಪ್ರಶ್ನೆ: ಎಂಥ ಕೋಟು ತಗೊಳ್ಳೋದು? ಹಿರಿಯೂರು ಸೀಮೆಯ ಬಿಸಿಲಲ್ಲಿ ಬೆಳೆದವರಿಗೆ ಮೊದಲು ಚಳಿಯ ಭಯ ಹುಟ್ಟುವುದು ಸಹಜ. ಆದರೆ ಪ್ರವಾಸಿಗಳು ಹೋಗುವುದು ಅಲ್ಲಿನ ಬೇಸಿಗೆಯಲ್ಲಿ, ನವೆಂಬರಿನಿಂದ ಮಾರ್ಚ್‌ವರೆಗೆ. ಅದೂ ಖಂಡದ ಅಂಚಿನ ಪರ್ಯಾಯ ದ್ವೀಪಕ್ಕೆ. ಡಿಸೆಂಬರ್, ಜನವರಿಯಲ್ಲಿ ಅಲ್ಲಿ ಉಷ್ಣಾಂಶ ಸೊನ್ನೆಯ ಆಸುಪಾಸಿನಲ್ಲಿರುತ್ತದೆ. ಗಾಳಿ ಎದ್ದರೆ ಕೊರೆಯುತ್ತದೆ, ನಿಜ. ಅದಕ್ಕೆ ಬಟ್ಟೆ ಇದೆ. ಯಾವ ಬಟ್ಟೆಯೂ ತಡೆಯಲಾರದ್ದು ಹಡಗಿನ ತೂಗಾಟ. ತಯಾರಿ ಆಗಬೇಕಾದದ್ದು ಅದಕ್ಕೆ.

ನಮ್ಮ ಸರ್ಕಾರ ಅಂಟಾರ್ಕ್ಟಿಕಾದ ಮೈತ್ರಿ, ಭಾರತಿ ಸಂಶೋಧನಾ ಕೇಂದ್ರಗಳಿಗೆ ಕಳಿಸುವ ತಂಡದವರಿಗೆ ದೆಹಲಿಯ ಏಮ್ಸ್‌ನಲ್ಲಿ ತಪಾಸಣೆ, ಉತ್ತರಾಖಂಡದ ಔಲಿಯಲ್ಲಿ ಐಟಿಬಿಪಿಯವರಿಂದ ಹಿಮದ ತರಬೇತಿ ಎಲ್ಲ ಇರುತ್ತದೆ. ದುಡ್ಡು ಕಟ್ಟಿ ಹೋಗುವ ನಮಗೆ ಅಂಥ ತಾಲೀಮಿಲ್ಲ, ನಾವೇ ಮಾಡಿಕೊಳ್ಳಬೇಕು. ಎರಡು ಮೂರು ತಿಂಗಳು ಮುಂಚಿನಿಂದ ದಿನಾ ನಡೆಯಿರಿ. ಚಿತ್ರದುರ್ಗಕ್ಕೆ ಹೋದಾಗಲೆಲ್ಲ ಕೋಟೆ ಹತ್ತಿ ಇಳಿಯಿರಿ. ಹತ್ತುವುದಕ್ಕಿಂತ ಇಳಿಯುವುದು ಮುಖ್ಯ, ಮಂಡಿಯ ಹಣೆಬರಹ ಗೊತ್ತಾಗುವುದು ಅಲ್ಲೇ. ಇನ್ನೊಂದು ಅಭ್ಯಾಸ ಮನೆಯಲ್ಲೇ ಆಗುತ್ತದೆ: ಗೋಡೆ ಹಿಡಿಯದೆ ಒಂಟಿಕಾಲಲ್ಲಿ ನಿಂತು ಪ್ಯಾಂಟು ಹಾಕಿಕೊಳ್ಳುವುದು. ಹಡಗಿನಲ್ಲಿ ದಿನಕ್ಕೆ ನಾಲ್ಕಾರು ಸಲ ಬಟ್ಟೆ ಹಾಕಿ ಬಿಚ್ಚುವ ಕೆಲಸ ಇರುತ್ತದೆ. ಸೀರೆಯನ್ನೇ ಉಡುವ ಹೆಂಗಸರು ಊರಲ್ಲಿದ್ದಾಗಲೇ ಪ್ಯಾಂಟಿನಲ್ಲಿ ಓಡಾಡಿ ರೂಢಿ ಮಾಡಿಕೊಳ್ಳಲಿ. ಹಡಗಿನಿಂದ ನೆಲಕ್ಕೆ ಕರೆದೊಯ್ಯುವ ರಬ್ಬರ್ ದೋಣಿಯೊಳಗೆ ಸೀರೆ ಅಪಾಯ.

ಹಡಗು ಆರಿಸುವಾಗ ಒಂದೇ ಲೆಕ್ಕ ಇಟ್ಟುಕೊಳ್ಳಿ. ಅಲ್ಲಿನ ನಿಯಮದ ಪ್ರಕಾರ ಒಂದು ಜಾಗದಲ್ಲಿ ಒಂದು ಹೊತ್ತಿಗೆ ನೂರಕ್ಕಿಂತ ಹೆಚ್ಚು ಪ್ರವಾಸಿಗಳು ನೆಲಕ್ಕಿಳಿಯುವಂತಿಲ್ಲ. ಐನೂರಕ್ಕೂ ಹೆಚ್ಚು ಜನರನ್ನು ಹೊತ್ತ ಹಡಗಿನವರು ಇಳಿಯುವಂತೆಯೇ ಇಲ್ಲ, ಕಟಕಟೆ ಹಿಡಿದು ನೋಡಿ ವಾಪಸ್. ಇನ್ನೂರು ಜನರ ಹಡಗಾದರೆ ಅರ್ಧ ಜನ ಇಳಿದಿದ್ದಾಗ ಉಳಿದವರು ಕಾಯಬೇಕು. ನೂರು ಜನರ ಆಸುಪಾಸಿನ ಹಡಗೇ ಸರಿ. ಅದು ಹೆಚ್ಚು ಓಲಾಡುತ್ತದೆ, ಈಜುಕೊಳ, ನಾಟಕಶಾಲೆ ಇರುವುದಿಲ್ಲ. ಆದರೆ ನೀವು ಹೋಗುತ್ತಿರುವುದು ನೆಲಕ್ಕೆ ಕಾಲಿಡಲು. ಕ್ಯಾಬಿನ್ ಕೆಳ ಅಂತಸ್ತಿನಲ್ಲಿ, ಹಡಗಿನ ನಡುಭಾಗದಲ್ಲಿ ಕೇಳಿ. ಏಜೆಂಟರು ಮೇಲಿನ ಅಂತಸ್ತಿನ ಬಾಲ್ಕನಿ ಕ್ಯಾಬಿನ್ನಿಗೆ ಒತ್ತಾಯ ಮಾಡುತ್ತಾರೆ. ದುಬಾರಿ ಅದು, ತೂಗಾಟವೂ ಅಲ್ಲೇ ಜಾಸ್ತಿ.

ಅರ್ಜೆಂಟೀನಾದ ಉಶುವಾಯಾದಲ್ಲಿ ಹಡಗು ಹತ್ತಿದರೆ ಮುಂದೆ ಡ್ರೇಕ್ ಜಲಸಂಧಿ, ಸುಮಾರು 800 ಕಿಲೋಮೀಟರು. ಆ ಅಕ್ಷಾಂಶದಲ್ಲಿ ಭೂಮಿಯನ್ನೇ ಸುತ್ತಿ ಬಂದರೂ ಗಾಳಿಗೆ ಅಡ್ಡ ನಿಲ್ಲುವ ನೆಲವಿಲ್ಲ, ಅಲೆಗಳ ಅಬ್ಬರಕ್ಕೆ ಅದೇ ಕಾರಣ. ಹೋಗುವಾಗ ಎರಡು ದಿನ, ಬರುವಾಗ ಎರಡು ದಿನ. ವಾಂತಿ ಮಾತ್ರೆಯನ್ನು ವಾಂತಿ ಶುರುವಾದ ಮೇಲೆ ನುಂಗಿ ಪ್ರಯೋಜನವಿಲ್ಲ, ಹಡಗು ತೆರೆದ ಕಡಲಿಗೆ ಬೀಳುವ ಮುಂಚೆಯೇ ತೆಗೆದುಕೊಳ್ಳಬೇಕು. ನಮ್ಮ ಔಷಧಿ ಅಂಗಡಿಗಳಲ್ಲಿ ಸಿಗುವ ಅವೊಮಿನ್ ತುಂಬ ನಿದ್ದೆ ತರುತ್ತದೆ. ಗ್ಲಾಕೋಮಾ, ಪ್ರಾಸ್ಟೇಟ್ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಇಂಥ ಮಾತ್ರೆ ಮುಟ್ಟಬಾರದು. ಊರಲ್ಲೇ ಒಂದು ರಜಾದಿನ ಮಾತ್ರೆ ನುಂಗಿ ಮೈಗೆ ಒಗ್ಗುತ್ತದೋ ಇಲ್ಲವೋ ನೋಡಿಕೊಳ್ಳಿ. ಹೊಟ್ಟೆ ಖಾಲಿ ಬಿಡಬೇಡಿ: ಒಣ ಬಿಸ್ಕತ್ತು, ಶುಂಠಿ, ಸೇಬು. ಮೊಬೈಲು ನೋಡಬೇಡಿ, ದೂರದ ದಿಗಂತ ನೋಡಿ.

ಕ್ಯಾಬಿನ್ನಿನೊಳಗೆ ಒಂದು ಕೈ ಯಾವಾಗಲೂ ಏನನ್ನಾದರೂ ಹಿಡಿದಿರಲಿ. ಬಾಗಿಲುಗಳು ಭಾರ, ಹಡಗು ವಾಲಿದಾಗ ತಾವೇ ಧಡಾರನೆ ಮುಚ್ಚಿಕೊಳ್ಳುತ್ತವೆ. ಬಾಗಿಲಿನ ಅಂಚನ್ನಾಗಲಿ ಚೌಕಟ್ಟನ್ನಾಗಲಿ ಹಿಡಿಯಬೇಡಿ, ಹಿಡಿಕೆ ಮಾತ್ರ. ಬೆರಳು ಜಜ್ಜಿಸಿಕೊಂಡವರು ಪ್ರತಿ ಹಡಗಿನಲ್ಲೂ ಸಿಗುತ್ತಾರೆ. ಹೊರಬಾಗಿಲಿನ ಹೊಸ್ತಿಲು ಮೊಣಕಾಲಿನ ಹತ್ತಿರ ಬರುವಷ್ಟು ಎತ್ತರ, ನೋಡಿಕೊಂಡು ದಾಟಿ. ಗಂಡಸರೂ ಬಾತ್‌ರೂಮಿನಲ್ಲಿ ಕೂತೇ ಎಲ್ಲ ಮುಗಿಸುವುದು ಕ್ಷೇಮ. ಮಲಗಿದಾಗ ಉರುಳಿ ಬೀಳದ ಹಾಗೆ ಹಾಸಿಗೆಯ ಹೊರ ಅಂಚಿನ ಕೆಳಗೆ ಮಡಿಸಿದ ಟವೆಲುಗಳನ್ನು ತುರುಕಿ. ಹಾಸಿಗೆ ಗೋಡೆಯ ಕಡೆ ವಾಲಿ, ನೀವು ಆ ಸಂದಿಯಲ್ಲಿ ಭದ್ರವಾಗಿರುತ್ತೀರಿ. ಕ್ಯಾಬಿನ್ ಬೆಚ್ಚಗೇ ಇರುತ್ತದೆ. ಚಳ್ಳಕೆರೆ ಕಂಬಳಿ ಮನೆಯಲ್ಲೇ ಇರಲಿ. ಡಿಸೆಂಬರಿನಲ್ಲಿ ರಾತ್ರಿ ಸರಿಯಾಗಿ ಕತ್ತಲಾಗುವುದೇ ಇಲ್ಲ, ಕಣ್ಣಿಗೆ ಪಟ್ಟಿ ಬೇಕು.

ಊಟದ ವಿಷಯದಲ್ಲಿ ಏಜೆಂಟರನ್ನು ನಂಬಲೇಬೇಡಿ. "ವೆಜ್ ಎಲ್ಲ ಹೇಳಿದೀನಿ ಸಾರ್, ಟೆನ್ಷನ್ ಬೇಡ" ಅಂತ ನಾವು ಹೋದಾಗ ನಮ್ಮ ಏಜೆಂಟರು ಹೇಳಿದ್ದರು. ಹಡಗಿನ ಅಡುಗೆಮನೆಗೆ ನಮ್ಮ ವಿಷಯ ಒಂದಕ್ಷರ ಹೋಗಿರಲಿಲ್ಲ. ಮೊದಲ ರಾತ್ರಿ ತಟ್ಟೆಯಲ್ಲಿ ಬೇಯಿಸಿದ ಕ್ಯಾರೆಟ್ಟು, ಬ್ರೆಡ್ಡು, ಬೆಣ್ಣೆ. ಮಾರನೆಯ ದಿನ ನಾವೇ ಅಡುಗೆಯವರ ಹತ್ತಿರ ಮಾತಾಡಿದ ಮೇಲೆ ಅನ್ನ, ಬೇಳೆ ಬಂತು, ಕೊನೆಯವರೆಗೂ ತಪ್ಪಲಿಲ್ಲ. ಆ ಮನುಷ್ಯ ಸಾಸಿವೆ ಒಗ್ಗರಣೆಯನ್ನೂ ಕೇಳಿ ಕಲಿತುಕೊಂಡ. ಮೊಟ್ಟೆ ತಿನ್ನುತ್ತೀರೋ, ಮೀನಿನ ಸಾರು ಆಗುತ್ತದೋ ಎಲ್ಲವನ್ನೂ ನೀವೇ ಹಡಗಿನ ಕಂಪನಿಗೆ ಬರೆದು, ಅವರ ಉತ್ತರ ಕೈಯಲ್ಲಿಟ್ಟುಕೊಳ್ಳಿ. ಶೇಂಗಾ ಚಟ್ನಿಪುಡಿ ಒಯ್ಯುವುದಾದರೆ ಅಂಗಡಿಯ ಸೀಲ್ ಒಡೆಯದ ಪೊಟ್ಟಣ ಒಯ್ಯಿರಿ, ಅರ್ಜೆಂಟೀನಾದ ಕಸ್ಟಮ್ಸಿನಲ್ಲಿ ಮುಚ್ಚಿಡದೆ ಹೇಳಿ. ನೆಲಕ್ಕಿಳಿಯುವಾಗ ಜೇಬಿನಲ್ಲಿ ತಿನ್ನುವ ಪದಾರ್ಥ ಏನೂ ಇರಕೂಡದು.

ಇಡೀ ಪ್ರವಾಸದಲ್ಲಿ ನನಗೆ ಬಹಳ ಹಿಡಿಸಿದ್ದು ನೆಲಕ್ಕಿಳಿಯುವ ಮುಂಚಿನ ಶುಚಿಯ ಕಟ್ಟುಪಾಡು. ನಮ್ಮ ಕಡೆ ಹೊಲಕ್ಕೆ ಹೋಗಿ ಬಂದರೆ ಪಂಚೆಯ ತುಂಬ ಉತ್ತರಾಣಿ ಬೀಜ, ಚಪ್ಪಲಿ ತುಂಬ ನೆಗ್ಗಿಲು ಮುಳ್ಳು. ಹಡಗಿನಲ್ಲಿ ನಿಮ್ಮ ಹೊರಬಟ್ಟೆ, ಬ್ಯಾಗು, ಕ್ಯಾಮೆರಾ ಚೀಲ ಎಲ್ಲವನ್ನೂ ಮೇಜಿನ ಮೇಲೆ ಹರವಿ, ವ್ಯಾಕ್ಯೂಮ್ ಹಾಕಿ, ಜೇಬಿನ ಮೂಲೆಗಳನ್ನು ಹೊರಮಗುಚಿ ನೋಡುತ್ತಾರೆ. ನನ್ನ ಚೀಲದ ವೆಲ್ಕ್ರೋ ಪಟ್ಟಿಯಲ್ಲಿ ಸಿಕ್ಕಿಕೊಂಡಿದ್ದ ಒಂದು ಉತ್ತರಾಣಿ ಬೀಜವನ್ನು ಅಲ್ಲಿನ ಹುಡುಗಿ ಚಿಮಟದಿಂದ ಎಳೆದು ತೆಗೆದು, ಬೆಳಕಿಗೆ ಹಿಡಿದು ನೋಡಿ, ಮುಚ್ಚಳದ ಡಬ್ಬಿಗೆ ಹಾಕಿದಳು. ಇಡೀ ಖಂಡಕ್ಕೆ ಸ್ವಂತದ ಹೂಬಿಡುವ ಗಿಡಗಳು ಎರಡೇ ಎರಡು, ಒಂದು ಹುಲ್ಲು, ಒಂದು ಪುಟ್ಟ ಸಸ್ಯ. ಹೊರಗಿನಿಂದ ಬಂದ ಒಂದು ಜಾತಿಯ ಹುಲ್ಲು ಅಲ್ಲಿನ ಕಿಂಗ್ ಜಾರ್ಜ್ ದ್ವೀಪದಲ್ಲಿ ಆಗಲೇ ಬೇರು ಬಿಟ್ಟಿದೆ. ಹೊರಗಿನಿಂದ ಬಂದ ಒಂದು ಕಳೆ ಏನು ಮಾಡಬಲ್ಲದು ಎಂದು ಪಾರ್ಥೇನಿಯಂ ಕಿತ್ತು ಕೈ ತುರಿಸಿಕೊಂಡ ನಮ್ಮ ರೈತರಿಗೆ ಯಾರೂ ಹೇಳಿಕೊಡಬೇಕಿಲ್ಲ. ಊರಿನಿಂದ ಹೊರಡುವ ಮುಂಚೆಯೇ ಬ್ಯಾಗಿನ ಹೊಲಿಗೆ, ಸಾಕ್ಸು, ವೆಲ್ಕ್ರೋ ಎಲ್ಲವನ್ನೂ ಹಳೆ ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಜ್ಜಿ. ಹೊಲದಲ್ಲಿ ಬಳಸಿದ ಚೀಲ ಬೇಡವೇ ಬೇಡ.

ಪ್ರತಿ ಸಲ ಇಳಿಯುವಾಗಲೂ ಹತ್ತುವಾಗಲೂ ಬೂಟನ್ನು ಸೋಂಕುನಿವಾರಕದಲ್ಲಿ ತೊಳೆಯಬೇಕು. ಹಕ್ಕಿಜ್ವರ ಬಂದಮೇಲೆ ಹಿಮದ ಮೇಲೆ ಕೂರುವುದು, ಮಂಡಿಯೂರುವುದು, ಬ್ಯಾಗು ಇಡುವುದು ಎಲ್ಲಕ್ಕೂ ನಿಷೇಧ. ಪೆಂಗ್ವಿನ್‌ನಿಂದ ಐದು ಮೀಟರು ದೂರ ನಿಲ್ಲಬೇಕು. ಅದಾಗೇ ಹತ್ತಿರ ಬಂದರೆ ಅಲುಗಾಡದೆ ನಿಂತು ದಾರಿ ಬಿಡಿ. ದೋಣಿಗೆ ಇಳಿಯುವಾಗ ನಾವಿಕ ಕೈ ಚಾಚಿದರೆ ಅಂಗೈಗೆ ಅಂಗೈ ಕೊಡಬೇಡಿ, ಒಬ್ಬರ ಮುಂಗೈಯನ್ನು ಇನ್ನೊಬ್ಬರು ಹಿಡಿಯಬೇಕು. ಒದ್ದೆ ಕೈಗವಸು ಜಾರಿದರೂ ಆ ಹಿಡಿತ ಬಿಡುವುದಿಲ್ಲ.

ಇನ್ನು ಆ ಕೋಟು. ಬಹಳಷ್ಟು ಕಂಪನಿಗಳು ದಪ್ಪ ಕೋಟನ್ನು, ರಬ್ಬರ್ ಬೂಟನ್ನು ತಾವೇ ಕೊಡುತ್ತವೆ, ಕೇಳಿ ತಿಳಿದುಕೊಂಡು ದುಡ್ಡು ಉಳಿಸಿ. ನೀರಿಳಿಯದ ಪ್ಯಾಂಟನ್ನು ಮಾತ್ರ ಒಳ್ಳೆಯದನ್ನೇ ಕೊಳ್ಳಿ, ದೋಣಿಯಲ್ಲಿ ಕೂತ ಜಾಗವೆಲ್ಲ ಒದ್ದೆ. ಒಳಗೆ ಉಣ್ಣೆಯ ಬಟ್ಟೆ. ಹತ್ತಿ ಬೆವರು ಹೀರಿ ಮೈ ತಣ್ಣಗೆ ಮಾಡುತ್ತದೆ. ಕೈಗವಸು ಎರಡು ಜೊತೆ. ಬಿಸಿಲಿಗೆ ಒಗ್ಗಿದ ಮೈ ಎಂದು ಸನ್‌ಸ್ಕ್ರೀನ್ ಬಿಡಬೇಡಿ, ಹಿಮದಿಂದ ಪುಟಿಯುವ ಬಿಸಿಲು ಗದ್ದದ ಕೆಳಗೂ ಸುಡುತ್ತದೆ.

ಖರ್ಚು ನಾನು ಹೋದಾಗ ವಿಮಾನ ಸೇರಿ ತಲೆಗೆ ಹತ್ತು ಲಕ್ಷದ ಆಸುಪಾಸು, ಈಗ ಏರಿರುತ್ತದೆ. ತುರ್ತು ಚಿಕಿತ್ಸೆಗೆ ವಿಮಾನದಲ್ಲಿ ಸಾಗಿಸುವ ಖರ್ಚೂ ಸೇರಿದ ವಿಮೆ ಇಲ್ಲದೆ ಹಡಗು ಹತ್ತಿಸಿಕೊಳ್ಳುವುದಿಲ್ಲ. ಅರ್ಜೆಂಟೀನಾ ವೀಸಾವನ್ನು ಒಂದಕ್ಕಿಂತ ಹೆಚ್ಚು ಸಲ ಒಳಬರಲು ಅವಕಾಶವಿರುವಂತೆ ಕೇಳಿ. ಬ್ಯೂನಸ್ ಐರಿಸ್‌ನಲ್ಲಿ ವಿಮಾನ ನಿಲ್ದಾಣ ಎರಡು. ಎಜೇಜಾದಲ್ಲಿ ಇಳಿದವರು ಉಶುವಾಯಾ ವಿಮಾನಕ್ಕೆ ಊರಾಚೆಯಿಂದ ಊರೊಳಗಿನ ಏರೋಪಾರ್ಕೆಗೆ ಹೋಗಬೇಕಾಗಬಹುದು, ಟಿಕೆಟ್ಟು ನೋಡಿಕೊಳ್ಳಿ. ಹಡಗು ಹೊರಡುವ ಎರಡು ದಿನ ಮುಂಚೆ ಉಶುವಾಯಾದಲ್ಲಿರಿ. ತಪ್ಪಿಹೋದ ಸೂಟ್‌ಕೇಸಿಗಾಗಿ ಹಡಗು ಕಾಯುವುದಿಲ್ಲ.

ಏಜೆಂಟರು ಹೇಳದೆ ಬಿಡುವ ಇನ್ನೊಂದಿದೆ: ಹಳದಿ ಜ್ವರದ ಲಸಿಕೆ. ಅರ್ಜೆಂಟೀನಾಗೆ ಹೋಗುವಾಗ ಯಾರೂ ಕೇಳುವುದಿಲ್ಲ. ಭಾರತಕ್ಕೆ ವಾಪಸ್ ಬರುವಾಗ ನಮ್ಮ ವಿಮಾನ ನಿಲ್ದಾಣದಲ್ಲೇ ಕೇಳುತ್ತಾರೆ, ಏಕೆಂದರೆ ನಮ್ಮ ಸರ್ಕಾರದ ಪಟ್ಟಿಯಲ್ಲಿ ಆ ದೇಶ ಇದೆ. ಪ್ರಮಾಣಪತ್ರ ಇಲ್ಲದವರನ್ನು ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಸರ್ಕಾರ ಗೊತ್ತುಮಾಡಿದ ಕೇಂದ್ರಗಳಲ್ಲಿ ಮಾತ್ರ ಈ ಚುಚ್ಚುಮದ್ದು ಸಿಗುತ್ತದೆ, ಮೊದಲೇ ದಿನ ಗೊತ್ತುಮಾಡಿಕೊಂಡು ಹೋಗಿ ಹಾಕಿಸಿಕೊಳ್ಳಬೇಕು. ಹಾಕಿಸಿದ ಹತ್ತು ದಿನದ ಮೇಲೆ ಕಾರ್ಡಿಗೆ ಬೆಲೆ, ಆಮೇಲೆ ಜೀವಮಾನವಿಡೀ ನಡೆಯುತ್ತದೆ. ಅರವತ್ತು ದಾಟಿದವರು ಮೊದಲು ತಮ್ಮ ಡಾಕ್ಟರ ಹತ್ತಿರ ಮಾತಾಡಿ, ನವೆಂಬರಿನ ಒಳಗೇ ಇದನ್ನು ಮುಗಿಸಿಕೊಳ್ಳಿ.