ಒಂದೇ ಕಂಠ, ಎರಡು ಕಲೆ: ನಾನಾ ಮಿಜುಕಿ

ಅನಿಮೆ ನೋಡತೊಡಗಿದ ಹೊಸದರಲ್ಲಿ ಕಣ್ಣೆಲ್ಲ ಚಿತ್ರದ ಮೇಲೇ ಇರುತ್ತದೆ. ಕ್ರಮೇಣ ಕಿವಿ ಚುರುಕಾಗಿ, ಈ ದನಿ ಯಾರದು ಎಂಬ ಪ್ರಶ್ನೆ ಏಳುತ್ತದೆ. ಪಾತ್ರಗಳಿಗೆ ಕಂಠದಾನ ಮಾಡುವ ಕಲಾವಿದರನ್ನು ಜಪಾನಿನಲ್ಲಿ ‘ಸೇಯೂ’ ಎನ್ನುತ್ತಾರೆ. ಅವರಲ್ಲಿ ಹಲವರು ಗಾಯಕರೂ ಹೌದು. ಈ ಎರಡೂ ಕಲೆಗಳು ಒಂದೇ ಸಾಧನೆಯಿಂದ ಹುಟ್ಟುತ್ತವೆ ಎಂಬುದನ್ನು ನಾನಾ ಮಿಜುಕಿ ಅವರಷ್ಟು ಚೆನ್ನಾಗಿ ತೋರಿಸಿಕೊಟ್ಟವರು ವಿರಳ.

ಅವರು ಹುಟ್ಟಿದ್ದು 1980ರಲ್ಲಿ, ಎಹಿಮೆ ಪ್ರಾಂತ್ಯದ ನೀಹಾಮಾದಲ್ಲಿ. ಬಾಲ್ಯದಲ್ಲಿ ಕಲಿತದ್ದು ವಿರಹ, ತವರಿನ ಹಂಬಲಗಳನ್ನು ಹಾಡುವ ‘ಎಂಕಾ’. ನಮ್ಮ ಗಮಕಗಳ ಹಾಗೆ ಸ್ವರವನ್ನು ಬಳುಕಿಸುವ ‘ಕೊಬುಶಿ’ ಅದರ ಜೀವಾಳ.

ಈ ತಾಲೀಮು ನಟನೆಗೆ ಹೇಗೆ ಒದಗುತ್ತದೆ? ಧ್ವನಿಮುದ್ರಣದ ಕೋಣೆಯನ್ನು ಊಹಿಸಿಕೊಳ್ಳಿ. ಎದುರಿನ ಪರದೆಯಲ್ಲಿ ಚಿತ್ರ ಓಡುತ್ತಿದೆ, ಕೈಯಲ್ಲಿ ಸಂಭಾಷಣೆಯಿದೆ. ಪಾತ್ರದ ತುಟಿ ಆಡುವಷ್ಟು ಹೊತ್ತಿನಲ್ಲೇ ಮಾತೂ ಮುಗಿಯಬೇಕು, ಭಾವವೂ ತುಂಬಬೇಕು. ಕಲಾವಿದರ ಮುಖ ಯಾರಿಗೂ ಕಾಣದು. ಉಸಿರೇ ಅವರ ಅಭಿನಯ; ಹಾಡಿನ ತಾಲೀಮು ಪಳಗಿಸುವುದೂ ಆ ಉಸಿರನ್ನೇ.

‘ನರುಟೊ’ ಅನಿಮೆಯಲ್ಲಿ ಮಿಜುಕಿ ಕಂಠ ಕೊಟ್ಟ ಹಿನಾಟಾಳ ಮಾತು ಕೇಳಿ. ಸಂಕೋಚದ ಆ ಹುಡುಗಿಯ ದನಿ ತಡವರಿಸುತ್ತ ಉಸಿರಿನಲ್ಲೇ ಕರಗುತ್ತದೆ. 2004ರ ‘ಮ್ಯಾಜಿಕಲ್ ಗರ್ಲ್ ಲಿರಿಕಲ್ ನಾನೋಹಾ’ದಲ್ಲಿ ಮಿಜುಕಿ ಒಂಟಿ ಹುಡುಗಿ ಫೇಟ್‌ಗೆ ಕಂಠವಾದರು, ಆರಂಭಗೀತೆಯನ್ನೂ ಹಾಡಿದರು. ಮರುವರ್ಷ ಅದರ ಮುಂದಿನ ಸರಣಿಗೆ ಬಂದ ‘ಎಟರ್ನಲ್ ಬ್ಲೇಜ್’ ಹಾಡಿಗೆ ಸಾಹಿತ್ಯವೂ ಅವರದೇ, ರಾಗ ನೊರಿಯಾಸು ಅಗೆಮಾತ್ಸು ಅವರದು. ಪಾತ್ರವನ್ನು ಒಳಗಿನಿಂದ ಬಲ್ಲವರೇ ಅದರ ಹಾಡು ಬರೆದರೆ ಸಿಗುವ ಕಾವು ಅದರಲ್ಲಿದೆ.

ಗಾಯಕಿಯಾಗಿ 2000ದಲ್ಲಿ ಆರಂಭಿಸಿದ ಅವರ ‘ಅಲ್ಟಿಮೇಟ್ ಡೈಮಂಡ್’ ಆಲ್ಬಂ 2009ರಲ್ಲಿ ಜಪಾನಿನ ಸಂಗೀತ ಮಾರಾಟವನ್ನು ಅಳೆಯುವ ಓರಿಕಾನ್‌ನ ವಾರದ ಪಟ್ಟಿಯ ತುದಿಗೇರಿತು. ಸೇಯೂ ಒಬ್ಬರ ಆಲ್ಬಂಗೆ ಆ ಸ್ಥಾನ ಸಿಕ್ಕಿದ್ದು ಅದೇ ಮೊದಲು. ಅದೇ ವರ್ಷಾಂತ್ಯದಲ್ಲಿ ಎನ್‌ಎಚ್‌ಕೆ ವಾಹಿನಿಯ ಪ್ರತಿಷ್ಠಿತ ‘ಕೋಹಾಕು’ ಗಾಯನೋತ್ಸವದಲ್ಲಿ ಹಾಡಿದರು. 2011ರ ಡಿಸೆಂಬರ್‌ನಲ್ಲಿ ಟೋಕಿಯೊ ಡೋಮ್‌ನಲ್ಲಿ ಎರಡು ದಿನ ಕಛೇರಿ ಕೊಟ್ಟರು.

ಹೊಸಬರು ಮೊದಲು ಹಿನಾಟಾಳ ಮಾತನ್ನು, ಬಳಿಕ ‘ಎಟರ್ನಲ್ ಬ್ಲೇಜ್’ ಹಾಡನ್ನು ಕೇಳಲಿ. ಆಮೇಲೆ 2012ರ ‘ಸಿಂಫೋಗಿಯರ್’ ನೋಡಲಿ. ಅಲ್ಲಿ ಮಿಜುಕಿಯವರ ಪಾತ್ರ ತ್ಸುಬಾಸಾ ಸ್ವತಃ ಗಾಯಕಿ, ಹಾಡುತ್ತಲೇ ಹೋರಾಡುವವಳು. ಮಾತು ಎಲ್ಲಿ ಮುಗಿಯಿತು, ಹಾಡು ಎಲ್ಲಿ ಮೊದಲಾಯಿತು ಎಂದು ಗೆರೆ ಎಳೆಯಲು ಯತ್ನಿಸಿ. ಆ ಗೆರೆ ಸುಲಭವಾಗಿ ಸಿಗದಿರುವುದೇ ಈ ಕಲಾವಿದೆಯ ಸಾಧನೆ.