ಒಮ್ಮೆಗೇ 330 ಯೂರೋ

ಮಿಲಾನ್‌ಗೆ ಬಂದ ಮೊದಲ ವರ್ಷ ಪಾಸಿಗೆ ಹನ್ನೆರಡು ಸಲ ದುಡ್ಡು ಕಟ್ಟಿದೆ. ತಿಂಗಳ ಪಾಸು 39 ಯೂರೋ, ವರ್ಷಕ್ಕೆ 468. ಅದೇ ಮೆಟ್ರೊ, ಅದೇ ಟ್ರಾಮು, ಅದೇ ಬಸ್ಸಿಗೆ ವಾರ್ಷಿಕ ಪಾಸು 330. ಇದು ನನಗೆ ಗೊತ್ತಿತ್ತು. ಆದರೆ ಮೂರು ತಿಂಗಳ ಬಾಡಿಗೆಯನ್ನು ಠೇವಣಿಯಾಗಿ ಕೊಟ್ಟು, ಹಾಸಿಗೆ, ಪಾತ್ರೆ, ಕಂಬಳಿ ಕೊಂಡ ಮೇಲೆ ಒಮ್ಮೆಗೇ ಅಷ್ಟು ಕಟ್ಟಲು ಖಾತೆಯಲ್ಲಿ ಏನೂ ಉಳಿದಿರಲಿಲ್ಲ. ಕೈ ಬರಿದಾಗಿದ್ದ ವರ್ಷವೇ 138 ಯೂರೋ ಹೆಚ್ಚಿಗೆ ತೆತ್ತೆ. ಆ ಲೆಕ್ಕ ಇವತ್ತಿಗೂ ಚುಚ್ಚುತ್ತದೆ.

ಹಾಗಾಗಿ ಇಲ್ಲಿ ಕೆಲಸಕ್ಕೆ ಸೇರುವ ನಮ್ಮವರಿಗೆ ನಾನು ಮೊದಲು ಹೇಳುವುದು ‘ತ್ರೆದಿಚೇಸಿಮಾ’ ವಿಷಯ. ಸಂಬಳದ ನೌಕರರಿಗೆ ಡಿಸೆಂಬರಿನಲ್ಲಿ ಸಿಗುವ ಹದಿಮೂರನೇ ಸಂಬಳ ಅದು. ಬೋನಸ್ ಅಲ್ಲ, ದುಡಿದ ವರ್ಷದ ಪಾಲು. ನಡುವೆ ಸೇರಿದವರಿಗೆ ದುಡಿದ ತಿಂಗಳುಗಳ ಲೆಕ್ಕದಲ್ಲಿ ಬರುತ್ತದೆ. ಊರಿಗೆ ಕಳಿಸುವ ಮೊದಲು ಅದರಿಂದ ಪಾಸಿನ ದುಡ್ಡು ಎತ್ತಿಡಿ. ಒಂದು ಟಿಕೆಟ್ಟಿಗೆ 2023ರ ಜನವರಿಯಿಂದ 2.20 ಯೂರೋ. 150 ಟಿಕೆಟ್ಟಿನ ದುಡ್ಡಿಗೆ ಇಡೀ ವರ್ಷದ ಓಡಾಟ, ಅಂದರೆ ಆಫೀಸಿಗೆ 75 ದಿನ ಹೋಗಿಬಂದರೆ ಅಸಲು ಬಂತು. ಕಾರ್ಡಿನಲ್ಲೇ ಕಟ್ಟಿ, ರಸೀದಿ ಜೋಪಾನ ಮಾಡಿ. ಪಾಸಿಗೆ ಖರ್ಚಾದ 250 ಯೂರೋವರೆಗಿನ ಹಣದ ಶೇ 19ರಷ್ಟನ್ನು, ಅಂದರೆ 47.50 ಯೂರೋವನ್ನು, ಆದಾಯ ತೆರಿಗೆಯಲ್ಲಿ ಕಡಿತ ಮಾಡಿಸಿಕೊಳ್ಳಬಹುದು. ನೋಟು ಎಣಿಸಿ ಕೊಟ್ಟವರಿಗೆ ಇದು ಸಿಗುವುದಿಲ್ಲ.

ಕಳೆದ ವರ್ಷ ಅಮ್ಮ ಬಂದಿದ್ದಳು. ತಿಂಗಳ ಮೊದಲ ಭಾನುವಾರ ಸರ್ಕಾರಿ ಮ್ಯೂಸಿಯಂಗಳಿಗೆ ಪ್ರವೇಶ ಉಚಿತ. 2014ರಿಂದ ನಡೆದುಬಂದ ಪದ್ಧತಿ. ಬ್ರೇರಾ ಚಿತ್ರಶಾಲೆಗೆ ಕರೆದುಕೊಂಡು ಹೋದೆ. ಚಿತ್ರಕಾರ ಮಾಂತೇನ್ಯ ಬರೆದ ಸತ್ತ ಕ್ರಿಸ್ತನ ಚಿತ್ರ ಅಲ್ಲಿದೆ. ಪಾದಗಳ ಕಡೆಯಿಂದ ಕಾಣುವ ಮೈ, ಪಕ್ಕದಲ್ಲಿ ಅಳುತ್ತಿರುವ ಮುದಿ ತಾಯಿ. ಅದರೆದುರು ಅಮ್ಮ ಎಷ್ಟು ಹೊತ್ತು ನಿಂತಳೆಂದರೆ, ಕರೆಯಲು ನನಗೆ ಮನಸ್ಸಾಗಲಿಲ್ಲ.

ಹೊರಗೆ ಬಂದು ಕಾಫಿಗೆ ಹೋದಾಗ ಅವಳು ಕುರ್ಚಿ ಎಳೆದಳು. ಬೆಲೆಪಟ್ಟಿ ತೋರಿಸಿದೆ: ಕೌಂಟರಿನಲ್ಲಿ ನಿಂತರೆ ಒಂದು ದರ, ಮೇಜಿಗೆ ತಂದರೆ ಇನ್ನೊಂದು. ಹೊಸದರಲ್ಲಿ ಇದು ಅರಿಯದೆ, ಕೆಥೆಡ್ರಲ್ ಚೌಕದಲ್ಲಿ ಕೂತು ಒಂದು ಕಾಫಿಗೆ ನಾಲ್ಕು ಕಾಫಿಯ ದುಡ್ಡು ಕೊಟ್ಟು ಬಂದಿದ್ದೆ.

“ನಿಂತೇ ಕುಡಿಯೋಣ ಬಿಡೋ. ದರ್ಶಿನೀಲಿ ನಿಂತೇ ಕುಡಿಯಲ್ವಾ?” ಅಂದಳು. ಆದರೆ ಒಂದು ಗುಟುಕಿನ ಆ ಕಪ್ಪು ಕಾಫಿ ನೋಡಿ, “ಇಷ್ಟೇನಾ!”

ಸ್ಕಾಲಾ ಒಪೆರಾ ಮಂದಿರದ ಹತ್ತಿರ ಒಂದನೇ ನಂಬರಿನ ಟ್ರಾಮು ಹತ್ತಿದೆವು. 1928ರ ಮಾದರಿಯ ಹಳೇ ಗಾಡಿ, ಒಳಗೆಲ್ಲ ಮರದ ಬೆಂಚು. ಅಮ್ಮನ ಟಿಕೆಟ್ಟು 90 ನಿಮಿಷದ್ದು. ಇಳಿಯುವ ಸ್ಟಾಪು ಬಂದಾಗ ಗಡಿಯಾರ ನೋಡಿದೆ, ಇನ್ನೂ ಒಂದು ಗಂಟೆ ಉಳಿದಿತ್ತು. ಅಮ್ಮ ಕಿಟಕಿಯಿಂದ ಮುಖ ತಿರುಗಿಸಲಿಲ್ಲ. ಕೊನೇ ಸ್ಟಾಪಿನವರೆಗೂ ಕೂತೆವು.