ಮಗಳು ಪರಿಸರ ವಿಜ್ಞಾನ ಓದುತ್ತೇನೆ ಎಂದರೆ



ಪಿ.ಯು.ಸಿ. ಫಲಿತಾಂಶ ಬಂದ ಮೇಲೆ, ಭಾನುವಾರ ಪೂಜೆ ಮುಗಿಸಿ ಚರ್ಚಿನ ಅಂಗಳಕ್ಕೆ ಬಂದರೆ ಎಲ್ಲರದೂ ಒಂದೇ ಪ್ರಶ್ನೆ: "ಮಗಳು ಮುಂದೆ ಏನು ಓದುತ್ತಾಳೆ?" ನರ್ಸಿಂಗ್, ಇಂಜಿನಿಯರಿಂಗ್, ಬಿ.ಕಾಂ. ಎಂದರೆ ಕೇಳಿದವರು ತಲೆಯಾಡಿಸುತ್ತಾರೆ. "ಬಿ.ಎಸ್ಸಿ.ಯಲ್ಲಿ ಪರಿಸರ ವಿಜ್ಞಾನ" ಎಂದರೆ ಮಾತ್ರ, "ಗಿಡ ನೆಡುವುದಕ್ಕೂ ಡಿಗ್ರಿ ಬೇಕೇ?" ಎಂದು ನಗುತ್ತಾರೆ. ಮಗಳ ಮುಖ ಸಪ್ಪಗಾಗುತ್ತದೆ. ನಿಮಗೂ ಒಳಗೊಳಗೆ ಅಳುಕು. ಬೇಡ ಎನ್ನುವ ಮೊದಲು, ಹಾಗೆಯೇ ಸುಮ್ಮನೆ ಹೂಂಗುಟ್ಟುವ ಮೊದಲು, ಈ ಓದು ಏನೆಂದು ತಿಳಿದುಕೊಳ್ಳೋಣ.

ಇದು ಯಾವ ಪಾಠ?

ಸರ್ವೋಚ್ಚ ನ್ಯಾಯಾಲಯ 1991ರಲ್ಲಿ ಕೊಟ್ಟ ತೀರ್ಪಿನ ಫಲವಾಗಿ ಇಂದು ಪದವಿ ತರಗತಿಗಳಲ್ಲಿ ಪರಿಸರದ ಬಗ್ಗೆ ಒಂದು ಕಡ್ಡಾಯ ಪತ್ರಿಕೆ ಇದೆ. ಬಿ.ಎ. ಓದುವವರೂ ಅದನ್ನು ಬರೆಯುತ್ತಾರೆ. ಅದು ಪರಿಚಯ ಮಾತ್ರ. ಪರಿಸರ ವಿಜ್ಞಾನವನ್ನೇ ಮುಖ್ಯ ವಿಷಯವಾಗಿ ಓದುವುದು ಬೇರೆ. ಅದರಲ್ಲಿ ಪ್ರಯೋಗಾಲಯವಿದೆ, ಲೆಕ್ಕವಿದೆ, ಬಿಸಿಲಲ್ಲಿ ಕೆರೆಯ ದಂಡೆ ಸುತ್ತುವ ಕೆಲಸವಿದೆ.

ನಿಮ್ಮ ಮನೆಯ ಬಾವಿಯನ್ನೇ ತೆಗೆದುಕೊಳ್ಳಿ. ನೀರು ತಿಳಿಯಾಗಿದೆ, ವಾಸನೆಯಿಲ್ಲ. ಆದರೂ ಮಳೆಗಾಲ ಬಂತೆಂದರೆ ಮಕ್ಕಳಿಗೆ ಹೊಟ್ಟೆ ಕೆಡುತ್ತದೆ. ಏಕೆ? ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದು ಎಂಬುದು ಭಾರತೀಯ ಮಾನಕ. ಅದನ್ನು ಅಳೆಯಲು ರಸಾಯನಶಾಸ್ತ್ರ ಬೇಕು. 100 ಮಿಲಿಲೀಟರ್ ನೀರಿನಲ್ಲಿ ಇ. ಕೋಲಿ ಎಂಬ, ಮಲದಿಂದ ಬರುವ ಬ್ಯಾಕ್ಟೀರಿಯ ಒಂದೂ ಇರಬಾರದು. ಅದನ್ನು ಪತ್ತೆಹಚ್ಚಲು ಸೂಕ್ಷ್ಮಜೀವಿಗಳ ಶಾಸ್ತ್ರ ಬೇಕು. ಪಾಯಿಖಾನೆಯ ಗುಂಡಿಯಿಂದ ಕೊಳೆ ಬಾವಿಗೆ ಹೇಗೆ ತಲುಪಿತು? ಕರಾವಳಿಯ ಮುರಕಲ್ಲಿನ ನೆಲದಲ್ಲಿ ತೂತುಗಳಿವೆ, ನೀರು ಬೇಗ ಹಾಯುತ್ತದೆ ಎಂದು ತಿಳಿಸುವುದು ಭೂವಿಜ್ಞಾನ. ಒಂದು ಸಲದ ಪರೀಕ್ಷೆಯನ್ನು ನಂಬಬಹುದೇ ಎಂದು ಹೇಳುವುದು ಸಂಖ್ಯಾಶಾಸ್ತ್ರ. ಕೊಳೆ ಕಾರ್ಖಾನೆಯದಾದರೆ 1974ರ ಜಲ ಕಾಯಿದೆ ಏನು ಹೇಳುತ್ತದೆ ಎಂಬುದೂ ಗೊತ್ತಿರಬೇಕು. ಇಷ್ಟೂ ಸೇರಿ ಒಂದೇ ಓದು.

ಅಳೆಯುವವರು ಏಕೆ ಬೇಕು?

ದಕ್ಷಿಣ ಕನ್ನಡ ಮತ್ತು ಕಾಸರಗೋಡಿನ ಗೇರು ತೋಟಗಳ ಮೇಲೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದು ನಿಮಗೆ ನೆನಪಿರಬಹುದು. ಅಂಗವೈಕಲ್ಯವಿರುವ ಮಕ್ಕಳನ್ನು ಎತ್ತಿಕೊಂಡ ತಾಯಂದಿರು ವಿಷದ ಮಾತೆತ್ತಿದಾಗ, ಅವರ ಕಣ್ಣೀರಿನ ಜೊತೆ ಪುರಾವೆಯನ್ನೂ ಕೇಳಲಾಯಿತು. ಮಣ್ಣು, ನೀರು, ರಕ್ತದಲ್ಲಿ ಆ ವಿಷವನ್ನು ಹುಡುಕಿ ಅಂಕಿಯಲ್ಲಿ ಹೇಳಬಲ್ಲವರು ಆಗ ಬೇಕಾದರು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದರ ತಯಾರಿಕೆ, ಮಾರಾಟ, ಬಳಕೆಗೆ ತಡೆ ಹಾಕಿತು. ಮರುಕ ಎಲ್ಲರಿಗೂ ಇರುತ್ತದೆ. ಅಳೆದು ತೋರಿಸುವ ವಿದ್ಯೆ ಕಲಿತವರಿಗೆ ಮಾತ್ರ ಇರುತ್ತದೆ.

ಹೊಟ್ಟೆಪಾಡಿನ ಪ್ರಶ್ನೆ

ಇದನ್ನು ಮುಚ್ಚಿಡಬಾರದು. ಬರಿಯ ಬಿ.ಎಸ್ಸಿ.ಯಿಂದ ಸಿಗುವ ಕೆಲಸ ಹೆಚ್ಚಾಗಿ ನೀರು, ಗಾಳಿ ಪರೀಕ್ಷಿಸುವ ಪ್ರಯೋಗಾಲಯಗಳಲ್ಲಿ ಅಥವಾ ಕಾರ್ಖಾನೆಗಳ ತ್ಯಾಜ್ಯನೀರು ಶುದ್ಧೀಕರಣ ಘಟಕಗಳಲ್ಲಿ. ಕಾಲೇಜಿನಲ್ಲಿ ಪಾಠ ಹೇಳಲು, ಸಂಶೋಧನೆ ಮಾಡಲು ಸಾಮಾನ್ಯವಾಗಿ ಎಂ.ಎಸ್ಸಿ. ಬೇಕು. ಹಾಗಾಗಿ ಐದು ವರ್ಷದ ಓದು ಎಂದೇ ಮನೆಯ ಲೆಕ್ಕ ಹಾಕಿ. ಪರಿಸರ ಇಂಜಿನಿಯರ್ ಹುದ್ದೆ ಬೇಕೆಂದರೆ ಇಂಜಿನಿಯರಿಂಗ್ ಪದವಿಯೇ ಬೇಕು.

ಇನ್ನೊಂದು ಎಚ್ಚರಿಕೆ. ಭಾರತೀಯ ಅರಣ್ಯ ಸೇವೆಯ ಪರೀಕ್ಷೆಗೆ ಕೂರಲು ಪದವಿಯಲ್ಲಿ ಓದಿರಬೇಕಾದ ವಿಷಯಗಳ ಪಟ್ಟಿ ಇದೆ: ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ರಸಾಯನಶಾಸ್ತ್ರ, ಭೂವಿಜ್ಞಾನ, ಗಣಿತ, ಭೌತಶಾಸ್ತ್ರ, ಸಂಖ್ಯಾಶಾಸ್ತ್ರ, ಪಶುಸಂಗೋಪನೆ. ಇವುಗಳಲ್ಲಿ ಒಂದಾದರೂ ಇರಬೇಕು. ಇಲ್ಲವೆಂದರೆ ಕೃಷಿ, ಅರಣ್ಯಶಾಸ್ತ್ರ ಅಥವಾ ಇಂಜಿನಿಯರಿಂಗ್ ಪದವಿ ಇರಬೇಕು. ಪರಿಸರ ವಿಜ್ಞಾನದ ಹೆಸರು ಆ ಪಟ್ಟಿಯಲ್ಲಿ ಇಲ್ಲ! ಆದುದರಿಂದ ಅರ್ಜಿ ತುಂಬುವಾಗ ಜೊತೆಯ ವಿಷಯ ಯಾವುದೆಂದು ನೋಡಿ. ರಸಾಯನಶಾಸ್ತ್ರವೋ ಸಸ್ಯಶಾಸ್ತ್ರವೋ ಜೊತೆಗಿದ್ದರೆ ಮುಂದೆ ಬಾಗಿಲುಗಳು ಮುಚ್ಚುವುದಿಲ್ಲ.

ಈ ವಾರ ಮನೆಯಲ್ಲಿ

ರಾತ್ರಿ ಊಟವಾದ ಮೇಲೆ ಟಿ.ವಿ. ಆರಿಸಿ, ಮಗಳನ್ನು ಹತ್ತಿರ ಕೂರಿಸಿಕೊಂಡು ಇವನ್ನು ಮಾತಾಡಿ:

1. ಅವಳಿಗೆ ಇಷ್ಟವಾದದ್ದು ಕಾಡು, ಹಕ್ಕಿಗಳ ಚೆಲುವು ಮಾತ್ರವೇ, ಅಥವಾ ರಸಾಯನಶಾಸ್ತ್ರ, ಲೆಕ್ಕಗಳ ಜೊತೆಗೂ ಕೂರುವ ತಾಳ್ಮೆ ಇದೆಯೇ?

2. ಎಂ.ಎಸ್ಸಿ.ವರೆಗೆ ಓದಿಸಲು ನಮ್ಮಿಂದ ಆದೀತೇ? ವಿದ್ಯಾರ್ಥಿವೇತನ ಸಿಗುವುದೇ ಎಂದು ಯಾರನ್ನು ವಿಚಾರಿಸೋಣ?

3. ನಮ್ಮ ಬೇಡ ಎಂಬ ಮಾತಿಗೆ ಕಾರಣ ಅವಳ ಭವಿಷ್ಯವೇ, ಅಂಗಳದಲ್ಲಿ ನಾಲ್ವರು ಆಡುವ ಮಾತೇ?

ಮಾತು ಮುಗಿದ ಮೇಲೆ ಒಂದು ಕೆಲಸ ಮಾಡಿ. ಬಾವಿಯ ನೀರನ್ನು ಮಗಳ ಕೈಯಿಂದಲೇ ತೆಗೆಸಿ ಪ್ರಯೋಗಾಲಯಕ್ಕೆ ಕಳುಹಿಸಿ. ಯಾವ ಬಾಟಲಿ, ಎಷ್ಟು ಹೊತ್ತಿನೊಳಗೆ ತಲುಪಿಸಬೇಕು ಎಂದು ಅವಳೇ ಕೇಳಿ ತಿಳಿಯಲಿ. ವರದಿ ಬಂದಾಗ ಪ್ರತಿಯೊಂದು ಅಂಕಿಯ ಅರ್ಥವನ್ನು ಅವಳು ಹುಡುಕಿ ನಿಮಗೆ ಹೇಳುತ್ತಾಳೋ, ಕಾಗದ ಮಡಚಿ ಮೂಲೆಗಿಡುತ್ತಾಳೋ ನೋಡಿ. ಅರ್ಧ ಉತ್ತರ ನಿಮಗೆ ಅಲ್ಲೇ ಸಿಗುತ್ತದೆ.